ಏಪ್ರಿಲ್ ರಜೆಯಲ್ಲಿ ಸ್ಪೇನ್: ಮಕ್ಕಳಿಗೆ ಸ್ಕೀಯಿಂಗ್ ಕಲಿಸಲು ಯಾವ ರೆಸಾರ್ಟ್ ಸೂಕ್ತ?

ಪ್ರಶ್ನೆ: ಸಾಧನಕೇರಿ, ಧಾರವಾಡ

ಎಲ್ಲರಿಗೂ ನಮಸ್ಕಾರ. 2027ರ ಬೇಸಿಗೆ ರಜೆಯಲ್ಲಿ ನಾವು ಕುಟುಂಬ ಸಮೇತ ಸ್ಪೇನ್‌ಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಮಗಳಿಗೆ 13 ವರ್ಷ, ಮಗನಿಗೆ 9. ಇಬ್ಬರಿಗೂ ಸ್ಕೀಯಿಂಗ್ ಕಲಿಯುವ ಆಸೆ ಬಹಳ ದಿನಗಳಿಂದ ಇದೆ. ನಾವು ಗಂಡ ಹೆಂಡತಿಯೂ ಅವರ ಜೊತೆಗೇ ಮೊದಲ ಪಾಠ ಕಲಿಯುವವರು. ಅತ್ತೆಯವರೂ ಬರುತ್ತಾರೆ; ಅವರಿಗೆ ಮೊಣಕಾಲು ನೋವಿದ್ದು, ಹಿಮವನ್ನು ಹತ್ತಿರದಿಂದ ಕಂಡು ಒಮ್ಮೆ ಕೈಯಲ್ಲಿ ಹಿಡಿದರೆ ಸಾಕೆನ್ನುತ್ತಾರೆ. ಶಾಲೆಗೆ ರಜೆ ಬೀಳುವುದು ಏಪ್ರಿಲ್ ಎರಡನೆಯ ವಾರದಲ್ಲಾದ್ದರಿಂದ ಅದಕ್ಕಿಂತ ಮುಂಚೆ ಹೊರಡುವಂತಿಲ್ಲ.

ಹುಬ್ಬಳ್ಳಿಯ ಪ್ರವಾಸ ಏಜೆಂಟರು ಮೂರು ಹೆಸರುಗಳನ್ನು ಕೊಟ್ಟಿದ್ದಾರೆ: ಗ್ರಾನಡಾ ಬಳಿಯ ಸಿಯೆರಾ ನೆವಾಡಾ, ಪಿರೆನೀಸ್ ಪರ್ವತಗಳಲ್ಲಿರುವ ಬಕೇರಾ-ಬೆರೆತ್ ಮತ್ತು ಬಾರ್ಸಿಲೋನಾದಿಂದ ರೈಲಿನಲ್ಲಿಯೇ ತಲುಪಬಹುದಾದ ಲಾ ಮೊಲಿನಾ. ನಕಾಶೆಯಲ್ಲಿ ನೋಡಿದರೆ ಸಿಯೆರಾ ನೆವಾಡಾ ಈ ಮೂರರಲ್ಲಿ ಎಲ್ಲಕ್ಕಿಂತ ದಕ್ಷಿಣಕ್ಕಿದೆ, ಮೆಡಿಟರೇನಿಯನ್ ಸಮುದ್ರಕ್ಕೂ ಸಮೀಪವಿದೆ. ಆಲಿವ್ ತೋಟಗಳ ಆ ಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಹಿಮ ಉಳಿದಿರುತ್ತದೆಯೇ? ಉತ್ತರದ ಪಿರೆನೀಸ್‌ಗೆ ಹೋಗುವುದೇ ಜಾಣತನವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ಅಕ್ಕನವರೇ, ನಮಸ್ಕಾರ. ಉದ್ಯೋಗದ ನಿಮಿತ್ತ ನಾನು ದಕ್ಷಿಣ ಸ್ಪೇನ್‌ನ ಆಂಡಲೂಸಿಯಾ ಪ್ರಾಂತದಲ್ಲಿ ಕೆಲವು ಕಾಲ ಇದ್ದವನು. ನಿಮ್ಮ ತಿಂಗಳು ಏಪ್ರಿಲ್ ಎಂದು ನಿಗದಿಯಾಗಿರುವುದರಿಂದ ಸಿಯೆರಾ ನೆವಾಡಾವನ್ನೇ ಆರಿಸಿಕೊಳ್ಳಿ ಎಂದು ನಿಸ್ಸಂದೇಹವಾಗಿ ಹೇಳುತ್ತೇನೆ. ಬಿಸಿಲಿನ ದೇಶದಲ್ಲಿ ಸ್ಕೀ ತಾಣವನ್ನು ಆರಿಸುವಾಗ ಅದು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ, ಅದರ ಇಳಿಜಾರುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಮೊದಲು ನೋಡಬೇಕು.

ಗ್ರಾನಡಾ ನಗರ ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ, ಅಂದರೆ ಸಮುದ್ರಮಟ್ಟದಿಂದ 700 ಮೀಟರಿಗೂ ತುಸು ಮೇಲಿದೆ. ಅಲ್ಲಿಂದ ಕೇವಲ 30 ಕಿಲೋಮೀಟರ್ ದೂರದ ಪ್ರಾದೊಯಾನೊ ಎಂಬ ಸ್ಕೀ ಊರು 2,100 ಮೀಟರ್ ಎತ್ತರದಲ್ಲಿದೆ. ಹೊಸಬರು ಕಲಿಯುವ ಬೊರ್ರೆಗೀಲೆಸ್ ಬಯಲು ಸುಮಾರು 2,700 ಮೀಟರಿನಲ್ಲಿದ್ದು, ಅತ್ಯಂತ ಮೇಲಿನ ಇಳಿಜಾರುಗಳು 3,300 ಮೀಟರಿನ ಆಸುಪಾಸಿಗೆ ತಲುಪುತ್ತವೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಗ್ರಾನಡಾದಲ್ಲಿ ಮಧ್ಯಾಹ್ನ 20 ಡಿಗ್ರಿ ಇದ್ದಾಗ ಬೊರ್ರೆಗೀಲೆಸ್‌ನಲ್ಲಿ ಏಳರ ಸುಮಾರಿಗೆ ಇರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಇಳಿಜಾರುಗಳಲ್ಲಿ ಹೆಚ್ಚಿನವು ಉತ್ತರ ಹಾಗೂ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಸೂರ್ಯನ ನೇರ ಹೊಡೆತವೂ ಕಡಿಮೆ. ಆದ್ದರಿಂದಲೇ ಅಲ್ಲಿಯ ಹಂಗಾಮು ಸಾಮಾನ್ಯವಾಗಿ ಏಪ್ರಿಲ್ ಕೊನೆಯವರೆಗೆ, ಕೆಲವು ವರ್ಷ ಮೇ ಆರಂಭದವರೆಗೂ ನಡೆಯುತ್ತದೆ. ಬಕೇರಾ-ಬೆರೆತ್ ಇದಕ್ಕಿಂತ ದೊಡ್ಡದು, ಜನವರಿಯಲ್ಲಿ ಹೋಗುವುದಾಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ಅಲ್ಲಿ ಧಾರಾಳವಾಗಿ ಹಿಮ ಸುರಿಸುತ್ತವೆ. ಆದರೆ ಅದರ ಬುಡ 1,500 ಮೀಟರಿನಲ್ಲಿದೆ. ವಸಂತ ಬಂತೆಂದರೆ ಕೆಳಗಿನ ಹಿಮ ಬೇಗ ಕರಗುತ್ತದೆ. ಲಾ ಮೊಲಿನಾಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎತ್ತರವಿದ್ದ ಮಾತ್ರಕ್ಕೆ ಹಿಮ ಖಚಿತವೆಂದು ಮಾತ್ರ ತಿಳಿಯಬೇಡಿ. 1995ರಲ್ಲಿ ಇದೇ ಸಿಯೆರಾ ನೆವಾಡಾದಲ್ಲಿ ನಡೆಯಬೇಕಿದ್ದ ವಿಶ್ವ ಆಲ್ಪೈನ್ ಸ್ಕೀ ಚಾಂಪಿಯನ್‌ಷಿಪ್ ಹಿಮದ ಕೊರತೆಯಿಂದ ಮುಂದೆ ಹೋಗಿ 1996ರಲ್ಲಿ ನಡೆಯಿತು. ಗಾಳಿ ಜೋರಾದ ದಿನ, ಸ್ಕೀ ಆಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ತಂತಿಮಾರ್ಗಗಳಲ್ಲಿ (ಲಿಫ್ಟ್) ಮೇಲಿನವುಗಳನ್ನು ನಿಲ್ಲಿಸುತ್ತಾರೆ. ಹೀಗಾಗಿ ರದ್ದುಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಕಾದಿರಿಸಿ, ಪಾಠದ ದಿನಗಳ ಪಕ್ಕದಲ್ಲಿ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಿ. ಜನಜಂಗುಳಿಯ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಸ್ಪೇನ್‌ನವರು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬೆಟ್ಟಕ್ಕೆ ಮುಗಿಬೀಳುತ್ತಾರೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಮುಗಿದಿರುತ್ತದೆ.

ಇನ್ನು ಏಪ್ರಿಲ್ ಹಿಮದ ಸ್ವಭಾವ. ಹಗಲು ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಲಿಫ್ಟ್ ತೆರೆದಾಗ ನೆಲ ಗಾಜಿನಂತೆ ಗಟ್ಟಿಯಾಗಿ, ಸ್ಕೀ ಕೆಳಗೆ ಕರಕರ ಸದ್ದು ಬರುತ್ತದೆ. ಹತ್ತೂವರೆಯ ಹೊತ್ತಿಗೆ ಮೇಲ್ಪದರ ಬೆರಳ ದಪ್ಪದಷ್ಟು ಸಡಿಲವಾಗುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಮಧ್ಯಾಹ್ನ ಎರಡು ದಾಟಿದ ಮೇಲೆ ಹಿಮ ನೀರುಂಡು ಭಾರವಾಗಿ ಸ್ಕೀಯನ್ನು ಹಿಡಿದುಬಿಡುತ್ತದೆ. ದಣಿದ ಹೊಸಬರು ಮೊಣಕಾಲು ತಿರುಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಪಾಠವನ್ನು ಹತ್ತರಿಂದ ಒಂದರವರೆಗೆ ಇಟ್ಟುಕೊಂಡು, ಊಟದ ಹೊತ್ತಿಗೆ ಗೊಂಡೊಲಾದಲ್ಲಿಯೇ (ತಂತಿಯ ಮೇಲೆ ಸಾಗುವ ಮುಚ್ಚಿದ ತೊಟ್ಟಿಲು) ಕೆಳಗಿಳಿಯಿರಿ, ಸ್ಕೀ ಮೇಲೆ ಊರಿನವರೆಗೆ ಇಳಿಯುವ ಸಾಹಸ ಬೇಡ. ಅತ್ತೆಯವರು ಪಾದಚಾರಿಗಳ ಟಿಕೆಟ್ ಪಡೆದು ಅದೇ ಗೊಂಡೊಲಾದಲ್ಲಿ ಬೊರ್ರೆಗೀಲೆಸ್‌ಗೆ ಬಂದು ಮೊಮ್ಮಕ್ಕಳನ್ನು ನೋಡುತ್ತ ಕುಳಿತುಕೊಳ್ಳಬಹುದು.

ಉತ್ತರ: ಗದಗ

ಹುಬ್ಬಳ್ಳಿಯ ಸಹೋದರರು ಹೇಳಿದ್ದೆಲ್ಲ ಸರಿ. ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ಲಿಫ್ಟ್ ಪಾಸು, ಶಿಕ್ಷಕರ ಶುಲ್ಕ, ಬೂಟು, ಸ್ಕೀ, ಹೆಲ್ಮೆಟ್ ಬಾಡಿಗೆ ಇವೆಲ್ಲವನ್ನೂ ನಾಲ್ಕು ಜನರಿಗೆ ಯೂರೋದಲ್ಲಿ ಕೊಡುವ ಮೊದಲು, ಮಕ್ಕಳಿಗೆ ಈ ಆಟ ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ನಮ್ಮ ದೇಶದಲ್ಲಿಯೇ ನೋಡಿಕೊಳ್ಳುವುದು ಒಳಿತಲ್ಲವೇ? ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಸಂಸ್ಥೆಯೇ ಇದೆ, ಉತ್ತರಾಖಂಡದ ಔಲಿಯಲ್ಲಿಯೂ ಹೊಸಬರಿಗೆ ತರಬೇತಿ ಕೊಡುತ್ತಾರೆ. ಜನವರಿ ಅಥವಾ ಫೆಬ್ರುವರಿಯಲ್ಲಿ ಒಂದು ವಾರ ಬಿಡುವು ಮಾಡಿಕೊಂಡು ಹೋಗಿಬಂದರೆ ಸ್ಪೇನ್‌ನಲ್ಲಿ ಮೊದಲ ದಿನದಿಂದಲೇ ಆನಂದಿಸಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗದಗಿನ ಸರ್ ಹೇಳಿದ್ದನ್ನು ಮನೆಯವರೂ ಒಪ್ಪಿದರು, ಆದರೆ ಫೆಬ್ರುವರಿ ಪರೀಕ್ಷೆಯ ಸಿದ್ಧತೆಯ ಕಾಲ, ಮಗಳಿಗೆ ಶಾಲೆ ತಪ್ಪಿಸಲು ನನಗೆ ಮನಸ್ಸಿಲ್ಲ. ಖರ್ಚನ್ನು ಹಿಡಿತದಲ್ಲಿಡಲು ಹಿಮದ ಮೇಲೆ ಮೂರೇ ದಿನ ಇಟ್ಟುಕೊಂಡು, ಉಳಿದ ದಿನಗಳನ್ನು ಗ್ರಾನಡಾ ಮತ್ತು ಸಮುದ್ರತೀರಕ್ಕೆ ಕೊಟ್ಟರೆ ಹೇಗೆ? ನಾವು ಶುದ್ಧ ಸಸ್ಯಾಹಾರಿಗಳು, ಅದೂ ಒಂದು ಚಿಂತೆ.

ಉತ್ತರ: ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಅಕ್ಕಾ, ಮೂರು ದಿನ ಸಾಕು. ಆ ಮೂರೂ ದಿನ ಪ್ರಾದೊಯಾನೊದಲ್ಲಿಯೇ ತಂಗಿರಿ. ಗ್ರಾನಡಾದಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದಾದರೂ ಮಕ್ಕಳ ಬೆಳಗಿನ ಒಳ್ಳೆಯ ಹೊತ್ತು ದಾರಿಯಲ್ಲೇ ಕಳೆದುಹೋಗುತ್ತದೆ. ಗ್ರಾನಡಾದ ಅಲ್‌ಹಾಂಬ್ರಾ ಅರಮನೆಗೆ ಪಾಸ್‌ಪೋರ್ಟ್ ವಿವರ ಕೊಟ್ಟು ಟಿಕೆಟನ್ನು ಬಹಳ ಮುಂಚಿತವಾಗಿಯೇ ಪಡೆಯಬೇಕು, ಒಳಗಿನ ನಸ್ರಿದ್ ಅರಮನೆಗಳಿಗೆ ನಿಗದಿತ ಗಂಟೆಗೇ ಹಾಜರಿರಬೇಕು.

ನನ್ನ ಮಾತು ಮುಖ್ಯವಾಗಿ ಬೂಟಿನ ಬಗ್ಗೆ. ಚಳಿಯಾದೀತೆಂದು ನಮ್ಮವರು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಾರೆ. ಅದರಿಂದ ರಕ್ತಸಂಚಾರ ಕುಂದಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಮಡಿಕೆ ಒತ್ತಿ ಬೊಬ್ಬೆಯೂ ಏಳುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ ಒಂದೇ ತೆಳುವಾದ ಉಣ್ಣೆಯ ಕಾಲುಚೀಲ ಸಾಕು. ಬಾಡಿಗೆ ಅಂಗಡಿಯಲ್ಲಿ ಬೂಟು ತೊಟ್ಟು ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಯನ್ನು ಮುಟ್ಟಬೇಕು. ಮೊಣಕಾಲು ಮುಂದಕ್ಕೆ ಬಾಗಿಸಿದಾಗ ತುಸು ಹಿಂದೆ ಸರಿದು ಬೆರಳುಗಳು ಆಡಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯವರು ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿತವನ್ನು ಅದರ ಮೇಲೆಯೇ ಹೊಂದಿಸುವುದರಿಂದ ಸಂಕೋಚಪಡದೆ ನಿಜವಾದ ತೂಕವನ್ನೇ ಹೇಳಿ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾವಿರ ಮೀಟರಿಗೆ ನೇರಳಾತೀತ ಕಿರಣಗಳು ಶೇ. 10ರಷ್ಟು ಹೆಚ್ಚುತ್ತವೆ, ಹೊಸ ಹಿಮವಂತೂ ಅವುಗಳಲ್ಲಿ ಶೇ. 80ರವರೆಗೆ ಮೇಲಕ್ಕೆ ಚಿಮ್ಮಿಸುತ್ತದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಗಳ ಅಂಚಿಗೆ ಕೂಡ ಸನ್‌ಸ್ಕ್ರೀನ್ ಹಚ್ಚಬೇಕು. ಸುಮ್ಮನೆ ಕುಳಿತು ನೋಡುವ ಅತ್ತೆಯವರಿಗೂ ಕಪ್ಪು ಕನ್ನಡಕ ಕಡ್ಡಾಯವಾಗಿ ಬೇಕು, ಮೊದಲ ದಿನ ಎತ್ತರಕ್ಕೆ ತಲೆ ನೋಯಬಹುದಾದ್ದರಿಂದ ಎಲ್ಲರೂ ನೀರು ಹೆಚ್ಚು ಕುಡಿಯಿರಿ.

ಊಟದ ಚಿಂತೆ ನಿಜವಾದದ್ದೇ. ತರಕಾರಿ ಪಲ್ಯವೆಂದು ತಂದಿಟ್ಟದ್ದರಲ್ಲಿಯೂ ಹಂದಿಮಾಂಸದ ಚೂರು ಅಥವಾ ಟ್ಯೂನಾ ಮೀನು ಇರಬಹುದು, ಆದ್ದರಿಂದ ಪ್ರತಿ ಸಲ ಎರಡನ್ನೂ ಹೆಸರಿಸಿ ಬೇಡವೆನ್ನಬೇಕು. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದು, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಧಾರವಾಡ ಪೇಡೆ, ತುಪ್ಪಗಳನ್ನು ಮಾತ್ರ ಕಟ್ಟಬೇಡಿ. ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ.

ಸ್ಪೇನ್ ಪ್ರವಾಸಕ್ಕೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಅದರೊಂದಿಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಆದರೆ ವೀಸಾಕ್ಕೆ ಸಾಕಾಗುವ ಸಾಧಾರಣ ಪಾಲಿಸಿ ಹಿಮದ ಮೇಲೆ ಬಿದ್ದು ಕಾಲು ಮುರಿದರೆ ಹಣ ಕೊಡುತ್ತದೆಂಬ ಭರವಸೆಯಿಲ್ಲ. ಚಳಿಗಾಲದ ಕ್ರೀಡೆಗಳು ಹಾಗೂ ಬೆಟ್ಟದಿಂದ ಕೆಳಗೆ ಸಾಗಿಸುವ ವೆಚ್ಚ ಸೇರಿವೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆದು ನಂತರ ಹಣ ಕಟ್ಟಿ.