ಗೇಮಿಂಗ್ ಸೆಂಟರ್‌ನಲ್ಲಿ ಆಡಿದ್ದಕ್ಕೆ ಅಕೌಂಟ್ ಬ್ಯಾನ್ ಆಗಿದೆಯಾ? ಅಪೀಲ್ ಹೇಗೆ ಬರೆಯಲಿ?

ಪ್ರಶ್ನೆ (ದಾವಣಗೆರೆ):
ನಾಲ್ಕು ವರ್ಷದಿಂದ ಒಂದು ಶೂಟಿಂಗ್ ಗೇಮ್ ಆಡುತ್ತಿದ್ದೇನೆ. ನಿನ್ನೆ ಲಾಗಿನ್ ಆದರೆ ‘ಶಾಶ್ವತ ಬ್ಯಾನ್’ ಅಂತ ಬಂತು. ಕಾರಣ ‘ಅನಧಿಕೃತ ಸಾಫ್ಟ್‌ವೇರ್’ ಅಂತ, ಅಷ್ಟೇ. ನಾನು ಯಾವತ್ತೂ ಚೀಟ್ ಹಾಕಿಲ್ಲ. ಎರಡು ವಾರದ ಹಿಂದೆ ಕರೆಂಟ್ ಹೋಗಿದ್ದಾಗ ವಿದ್ಯಾನಗರದ ಒಂದು ಗೇಮಿಂಗ್ ಸೆಂಟರ್‌ನಲ್ಲಿ ಎರಡು ಗಂಟೆ ಆಡಿದ್ದೆ. ಅಪೀಲ್ ಹಾಕಿದೆ, ಹತ್ತೇ ನಿಮಿಷಕ್ಕೆ ತಿರಸ್ಕಾರ. ರಾತ್ರಿಯಿಡೀ ನಿದ್ದೆ ಬಂದಿಲ್ಲ.

ಉತ್ತರ (ಚಿತ್ರದುರ್ಗ):
ಆ ಎರಡು ಗಂಟೆ ಮೇಲೆಯೇ ನನಗೆ ಅನುಮಾನ. ಚೀಟ್ ಕಂಡ ತಕ್ಷಣವೇ ಬ್ಯಾನ್ ಹಾಕುತ್ತಾರೆ ಅಂತಿಲ್ಲ. ಎಷ್ಟೋ ಸಲ ದಿನಗಟ್ಟಲೆ ಕಾದು ಒಟ್ಟಿಗೆ ಹಾಕುತ್ತಾರೆ. ಯಾವುದರಿಂದ ಸಿಕ್ಕಿಬಿದ್ದೆವು ಅಂತ ಚೀಟ್ ಮಾಡುವವರಿಗೆ ಗೊತ್ತಾಗಬಾರದಲ್ವಾ? ಆ ಕಂಪ್ಯೂಟರಿನಲ್ಲಿ ಮೊದಲು ಆಡಿದವರು ಏನೋ ಬಿಟ್ಟು ಹೋಗಿರಬಹುದು. ಮೌಸ್ ಮ್ಯಾಕ್ರೊ, ಅಂದರೆ ನಮ್ಮ ಬದಲು ತಾನೇ ಕ್ಲಿಕ್ ಮಾಡುವ ಸಾಫ್ಟ್‌ವೇರ್, ಓಡುತ್ತಿದ್ದರೂ ಸಾಕು.

ತಪ್ಪು ಬ್ಯಾನ್ ಆಗುತ್ತವೆ. 2010ರ ಜುಲೈನಲ್ಲಿ ವಾಲ್ವ್ ಅನ್ನುವ ಗೇಮ್ ಕಂಪನಿ ಸುಮಾರು 12,000 ಜನರನ್ನು ತಪ್ಪಾಗಿ ಬ್ಯಾನ್ ಮಾಡಿ, ಆಮೇಲೆ ತೆಗೆದಿತ್ತು. 2023ರ ಅಕ್ಟೋಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವ ಎಎಂಡಿ ಕಂಪನಿಯ ಆಂಟಿ-ಲ್ಯಾಗ್ ಪ್ಲಸ್ (ಆಟದಲ್ಲಿ ತಡವಾಗುವುದನ್ನು ತಗ್ಗಿಸುವ ಸೌಲಭ್ಯ) ಗೇಮ್‌ನ ಫೈಲಿಗೇ ಕೈ ಹಾಕುತ್ತಿತ್ತು. ಅದರಿಂದ ವಾಲ್ವ್‌ನ ಕೌಂಟರ್-ಸ್ಟ್ರೈಕ್ 2 ಗೇಮ್ ಆಡುವವರಿಗೆ ಬ್ಯಾನ್ ಬಿತ್ತು. ಎಎಂಡಿ ಆ ಸೌಲಭ್ಯವಿದ್ದ ಡ್ರೈವರನ್ನು (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹಿಂದಕ್ಕೆ ಪಡೆಯಿತು. ಎರಡೂ ಸಲ ಕಾರಣ ಕೈಗೆ ಸಿಕ್ಕಿತ್ತು. ನೀವೂ ಕಾರಣ ತೋರಿಸಬೇಕು. ‘ನಾನು ಒಳ್ಳೆಯವನು’ ಅಂತ ಬರೆದರೆ ಯಾರೂ ಓದುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮೆಷಿನ್, ಅದರಲ್ಲಿ ಏನಿತ್ತು ಅಂತ ಬರೆಯಿರಿ. ಐದಾರು ಸಾಲು ಸಾಕು. ಬೈಬೇಡಿ, ಹೆದರಿಸಬೇಡಿ.

ಇನ್ನೊಂದು ಮಾತು. ಈಗ ಹೊಸ ಅಕೌಂಟ್ ತೆರೆಯಬೇಡಿ. ಬ್ಯಾನ್ ತಪ್ಪಿಸಿಕೊಂಡಿರಿ ಅಂತ ಅದನ್ನೂ ಮುಚ್ಚಿ, ಕಂಪ್ಯೂಟರನ್ನೇ ಗುರುತಿಟ್ಟು ತಡೆಯಬಹುದು. ‘ದುಡ್ಡು ಕೊಡಿ, ಬ್ಯಾನ್ ತೆಗೆಸುತ್ತೇವೆ’ ಅನ್ನುವವರು ಬರೀ ಮೋಸ.

ಪ್ರಶ್ನೆ ಕೇಳಿದವರು:
ಅಣ್ಣಾ, ಇವತ್ತು ಅಲ್ಲಿಗೆ ಹೋಗಿದ್ದೆ. ಏಳನೇ ಮೆಷಿನ್. ಗಡಿಯಾರದ ಪಕ್ಕದ ಬಾಣದ ಗುರುತು ಒತ್ತಿದರೆ ಒಳಗೆ ಸಣ್ಣ ಕೆಂಪು ಮೌಸ್ ಚಿತ್ರ. ತಾನೇ ಗುಂಡು ಹಾರಿಸುವ ಆಟೊ-ಫೈರ್ ಮ್ಯಾಕ್ರೊ, ಆನ್ ಆಗಿಯೇ ಇತ್ತು! ಫೋಟೊ ತೆಗೆದುಕೊಂಡೆ. ಅವತ್ತು 80 ರೂಪಾಯಿ ಯುಪಿಐ ಮಾಡಿದ್ದೂ ಸಂಜೆ 6:42ಕ್ಕೆ ಅಂತ ಫೋನಿನಲ್ಲಿದೆ.

ಉತ್ತರ (ಚಿತ್ರದುರ್ಗ):
ಎರಡನ್ನೂ ಸೇರಿಸಿ ಕಳಿಸಿ. ಇವತ್ತಿನ ಫೋಟೊ ಅವತ್ತಿನದಕ್ಕೆ ಪೂರ್ತಿ ಸಾಕ್ಷಿ ಆಗಲ್ಲ, ಅದನ್ನೂ ನೀವೇ ಬರೆದುಬಿಡಿ. ಯಾವ ಕಂಪ್ಯೂಟರಿನಲ್ಲಿ ಆಡಿದರೂ ಹೊಣೆ ನಿಮ್ಮದೇ ಅಂತ ಅವರು ಹೇಳಲೂಬಹುದು, ಗಟ್ಟಿ ಮನಸ್ಸು ಮಾಡಿಕೊಳ್ಳಿ. ಮ್ಯಾಕ್ರೊ ಇದ್ದ ಮೆಷಿನ್‌ನಲ್ಲಿ ಕೀಲಾಗರ್, ಅಂದರೆ ನೀವು ಟೈಪ್ ಮಾಡಿದ್ದನ್ನೆಲ್ಲ ಕದ್ದು ಬರೆದಿಡುವ ಸಾಫ್ಟ್‌ವೇರ್, ಕೂಡ ಇರಬಹುದು. ಅಪೀಲ್‌ಗಿಂತ ಮೊದಲು ಇಮೇಲ್ ಪಾಸ್‌ವರ್ಡ್ ಬದಲಾಯಿಸಿ.