ಫಾರ್ಮ್ಯಾಟ್ ಮಾಡುವ ಮೊದಲು ಫೈಲ್ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಉಡುಪಿಯಿಂದ): ಕಲ್ಸಂಕದ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಉಂಟು. ಮೊನ್ನೆ ಗುಡುಗು ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು. ಅಲ್ಲಿಂದ ವಿಂಡೋಸ್ ಓಪನ್ ಆಗುತ್ತಿಲ್ಲ. ‘ಆಟೋಮ್ಯಾಟಿಕ್ ರಿಪೇರ್’ ಅಂತ ಬಂದು ಮತ್ತೆ ರೀಸ್ಟಾರ್ಟ್ ಆಗುತ್ತದೆ. ಫಾರ್ಮ್ಯಾಟ್ ಮಾಡಿಸಿ ಅನ್ನುತ್ತಾರೆ. ಆದರೆ ಗಿರಾಕಿಗಳ ಮದುವೆ ಕಾಗದ, ಬ್ರಹ್ಮಕಲಶದ ಪುಸ್ತಕ ಎಲ್ಲ ಡೆಸ್ಕ್‌ಟಾಪಿನಲ್ಲೇ ಇದೆ. ತೆಗೆಯಲು ಆಗುತ್ತದಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಮಂಗಳೂರು): ಹೆಚ್ಚಾಗಿ ಆಗುತ್ತದೆ. ವಿಂಡೋಸ್ ಕೆಟ್ಟಿದೆ ಅಂದರೆ ಫೈಲ್ ಹೋಗಿದೆ ಅಂತ ಅರ್ಥ ಅಲ್ಲ. ದಯವಿಟ್ಟು ಫಾರ್ಮ್ಯಾಟಿಗೆ ಅವಸರ ಮಾಡಬೇಡಿ. ವಿಂಡೋಸ್ ಯಾವಾಗ ಬೇಕಾದರೂ ಹಾಕಬಹುದು, ಆ ಪುಸ್ತಕವನ್ನು ಮತ್ತೆ ಯಾರು ಟೈಪ್ ಮಾಡುತ್ತಾರೆ? ಫೈಲ್ ಕಾಪಿ ಆಗುವ ತನಕ ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ವಿಂಡೋಸ್ ಟೂಲ್) ಕೂಡ ಓಡಿಸಬೇಡಿ.

ಬೇರೆ ಕಂಪ್ಯೂಟರಿನಲ್ಲಿ ಉಬುಂಟು (ವಿಂಡೋಸ್ ಬದಲಿಗೆ ಪೆನ್‌ಡ್ರೈವಿನಿಂದಲೇ ಓಡಿಸಬಹುದಾದ ಆಪರೇಟಿಂಗ್ ಸಿಸ್ಟಂ) ಡೌನ್‌ಲೋಡ್ ಮಾಡಿ, ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ ಪೆನ್‌ಡ್ರೈವಿಗೆ ಹಾಕಿ. 8 ಜಿಬಿಯದ್ದು ಸಾಕು, ಆದರೆ ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಕೆಟ್ಟ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ಪವರ್ ಒತ್ತಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಮುಂದೆ ‘ಟ್ರೈ ಉಬುಂಟು’ ಅನ್ನುವುದನ್ನೇ ಆರಿಸಿ, ‘ಇನ್‌ಸ್ಟಾಲ್’ ಮುಟ್ಟಲೇಬೇಡಿ.

‘ಫೈಲ್ಸ್’ ತೆರೆದರೆ ನಿಮ್ಮ ಡ್ರೈವ್‌ಗಳು ಕಾಣುತ್ತವೆ. ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇಡೀ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅಡಗಿಸಿಟ್ಟ ಫೈಲ್‌ಗಳೂ ಕಾಣಬಹುದು. ಆ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಆಗಿರಲಿ.

ಡಿಟಿಪಿಯವರು ಮರೆಯುವುದು ಫಾಂಟ್. ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರನ್ನೂ ತೆಗೆದಿಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪೇಜ್‌ಮೇಕರ್ (ಪುಟ ಜೋಡಿಸುವ ಸಾಫ್ಟ್‌ವೇರ್) ಫೈಲನ್ನು ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಜನ ಸುಮ್ನೆ ಗಾಬರಿಯಾಗುತ್ತಾರೆ.

ಕಾಪಿ ಮುಗಿದ ಮೇಲೆ ಬೇರೆ ಕಂಪ್ಯೂಟರಿಗೆ ಹಾಕಿ, ಒಂದಷ್ಟು ಫೈಲ್ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಒಳಗಿನ ಪುಟ ಕಾಣಬೇಕು.

ಪ್ರಶ್ನೆ (ಸುರತ್ಕಲ್‌ನಿಂದ): ನನ್ನ ಲ್ಯಾಪ್‌ಟಾಪಿನಲ್ಲಿ ಹೀಗೇ ಮಾಡಿದೆ. ಸಿ ಡ್ರೈವ್ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ. ನಾನು ಹಾಕಿದ್ದೇ ಇಲ್ಲವಲ್ಲ?

ಉತ್ತರ: ಅದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ತಾನಾಗಿಯೇ ಆನ್ ಆಗಿರುತ್ತದೆ. ಅದೇ ಅಕೌಂಟಿಗೆ ಮೊಬೈಲಿನಲ್ಲಿ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ 48 ಅಂಕಿಗಳ ರಿಕವರಿ ಕೀ ಹುಡುಕಿ. ಅದು ಎಲ್ಲೂ ಸಿಗದಿದ್ದರೆ ಯಾವ ಅಂಗಡಿಯವರಿಂದಲೂ ತೆರೆಯಲು ಆಗುವುದಿಲ್ಲ. ತೆರೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ (ಉಡುಪಿಯವರೇ): ಉಬುಂಟು ಬಂತು, ಅರ್ಧ ಕಾಪಿ ಆಯಿತು. ಈಗ ಒಂದು ಫೋಲ್ಡರಿನಲ್ಲಿ ನಿಂತುಬಿಟ್ಟಿದೆ. ಡಿಸ್ಕಿನಿಂದ ಟಿಕ್ ಟಿಕ್ ಅಂತ ಸದ್ದು ಬೇರೆ.

ಉತ್ತರ: ಈಗಲೇ ಆಫ್ ಮಾಡಿ ಮಾರಾಯ್ರೆ, ಮತ್ತೆ ಆನ್ ಮಾಡಿ ನೋಡುವುದೂ ಬೇಡ. ಡಿಸ್ಕೇ ಸೋಲುತ್ತಿದೆ. ಓಡಿದಷ್ಟೂ ಹಾನಿ ಜಾಸ್ತಿ. ಡೇಟಾ ರಿಕವರಿ ಮಾಡುವವರ ಹತ್ತಿರ ಕೊಡಿ, ಬಂದ ಸದ್ದನ್ನು ಮೊದಲೇ ಹೇಳಿ. ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಡಿಡಿರೆಸ್ಕ್ಯೂ ಥರದ ಸಾಫ್ಟ್‌ವೇರ್ ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಕೈಹಾಕುತ್ತದೆ. ಹೊಸ ವಿಂಡೋಸನ್ನು ಹೊಸ ಡಿಸ್ಕಿಗೆ ಹಾಕಿಸಿ, ಈ ಹಳೆಯದಕ್ಕೆ ಬೇಡ.