ಕ್ಯಾಲೆಂಡರ್ ಆಫ್ ಈವೆಂಟ್ಸ್ ಎರಡನೇ ಸಲ ಪರಿಷ್ಕರಣೆ: ನಿರ್ಧರಿಸುವವರು ಯಾರು, ಯಾರಿಗೆ ಬರೆಯಬೇಕು?

ತುಂಗಾತೀರ ಕೇಳಿದ ಪ್ರಶ್ನೆ

ರಾಜ್ಯ ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜಿತವಾದ ಪದವಿ ಕಾಲೇಜು, ಬಿ.ಎಸ್ಸಿ ಆರನೇ ಸೆಮಿಸ್ಟರ್. ಈ ಸೆಮಿಸ್ಟರಿನ ವೇಳಾಪಟ್ಟಿ (ಕ್ಯಾಲೆಂಡರ್ ಆಫ್ ಈವೆಂಟ್ಸ್) ಎರಡು ಸಲ ಬದಲಾಗಿದೆ. ಮೊದಲ ಸುತ್ತೋಲೆಗೆ ಕುಲಸಚಿವರ ಸಹಿ, ಪರೀಕ್ಷೆ ಮುಂದೂಡಿದ ಸುತ್ತೋಲೆಗೆ ಮೌಲ್ಯಮಾಪನ ಕುಲಸಚಿವರ ಸಹಿ. ಕಾಯಂ ಕುಲಪತಿ ಇಲ್ಲ, ಹಂಗಾಮಿ ಇದ್ದಾರೆ. ಕಾಲೇಜಿನಲ್ಲಿ ಕೇಳಿದರೆ ವಿವಿಯನ್ನೇ ಕೇಳಿ ಅಂತಾರೆ, ವಿವಿಗೆ ಫೋನ್ ಮಾಡಿದರೆ ಪ್ರಾಂಶುಪಾಲರ ಮೂಲಕ ಬನ್ನಿ ಅಂತಾರೆ.

ಕ್ಯಾಲೆಂಡರ್ ಬದಲಿಸುವ ಅಧಿಕಾರ ನಿಜವಾಗಿ ಯಾರದು? ಕುಲಪತಿ ಇಲ್ಲದ್ದಕ್ಕೆ ರಿಸಲ್ಟ್ ನಿಲ್ಲುತ್ತದೆಯೇ? ನಮ್ಮಲ್ಲಿ ಹಲವರು ಎಂ.ಎಸ್ಸಿ, ಬಿ.ಎಡ್‌ಗೆ ಹೋಗುವವರು. ಅಂಕಪಟ್ಟಿ ತಡವಾದರೆ ಸೀಟು ಕೈತಪ್ಪದಂತೆ ಈಗಲೇ ಏನು ಮಾಡಬಹುದು?

---

ಕಡತ_ವಿಭಾಗ

ಮೊದಲು ನಿಮ್ಮ ವಿವಿ ಯಾವ ಕಾಯ್ದೆಯಡಿ ನಡೆಯುತ್ತದೆ ಎಂದು ನೋಡಿಕೊಳ್ಳಿ. ಮೈಸೂರು, ಧಾರವಾಡದ ಕರ್ನಾಟಕ, ಬೆಂಗಳೂರು, ಮಂಗಳೂರು, ಗುಲಬರ್ಗಾ, ಕುವೆಂಪು ಮುಂತಾದವು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ಕ್ಕೆ ಒಳಪಟ್ಟಿವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ), ರಾಜೀವ್ ಗಾಂಧಿ ಆರೋಗ್ಯ ವಿವಿ, ಹಂಪಿಯ ಕನ್ನಡ ವಿವಿಗಳಿಗೆ ಅವುಗಳದೇ ಕಾಯ್ದೆ ಇದೆ. ನಾನು ಬರೆಯುತ್ತಿರುವುದು ಮೊದಲ ಗುಂಪಿನ ಬಗ್ಗೆ.

ಎರಡು ಸುತ್ತೋಲೆಗೆ ಎರಡು ಸಹಿ ಇರುವುದು ಸರಿಯಾಗಿಯೇ ಇದೆ, ಏಕೆಂದರೆ ಕೆಲಸವೇ ಎರಡು ಕಚೇರಿಗಳಲ್ಲಿ ಹಂಚಿಹೋಗಿದೆ. ಸೆಮಿಸ್ಟರ್ ಆರಂಭ, ದಂಡವಿಲ್ಲದೆ ಮತ್ತು ದಂಡ ಸಹಿತ ಪ್ರವೇಶದ ಕೊನೆ ದಿನ, ತರಗತಿ ಮುಗಿಯುವ ದಿನ, ರಜೆ ಇವೆಲ್ಲ ಆಡಳಿತ ಕುಲಸಚಿವರ ಕೆಳಗಿನ ಶೈಕ್ಷಣಿಕ ವಿಭಾಗದಲ್ಲಿ ತಯಾರಾಗುತ್ತವೆ. ಪರೀಕ್ಷಾ ಶುಲ್ಕದ ಅಧಿಸೂಚನೆಯಿಂದ ಶುರುವಾಗಿ ಪ್ರಾಯೋಗಿಕ ಪರೀಕ್ಷೆ, ಥಿಯರಿ, ಮೌಲ್ಯಮಾಪನ, ಫಲಿತಾಂಶ, ಅಂಕಪಟ್ಟಿವರೆಗೆ ಮೌಲ್ಯಮಾಪನ ಕುಲಸಚಿವರ ಹೊಣೆ. ಎರಡೂ ಕಡತಗಳು ಕುಲಪತಿಗಳ ಅನುಮೋದನೆಗೆ ಹೋಗುತ್ತವೆ. ಶೈಕ್ಷಣಿಕ ವಿಚಾರದ ಅಂತಿಮ ವೇದಿಕೆ ವಿದ್ಯಾವಿಷಯಕ ಪರಿಷತ್ತು. ಆದರೆ ಅದು ವರ್ಷಕ್ಕೆ ಕೆಲವೇ ಸಲ ಸೇರುವುದರಿಂದ, ಮಧ್ಯದಲ್ಲಿ ದಿನಾಂಕ ಬದಲಾದರೆ ಕುಲಪತಿ ತಮ್ಮ ಅಧಿಕಾರ ಬಳಸಿ ಒಪ್ಪಿಗೆ ಕೊಟ್ಟು ಮುಂದಿನ ಸಭೆಗೆ ವರದಿ ಮಾಡುತ್ತಾರೆ. ಸುತ್ತೋಲೆಯಲ್ಲಿ "ಮಾನ್ಯ ಕುಲಪತಿಯವರ ಆದೇಶದ ಮೇರೆಗೆ" ಎಂಬ ಸಾಲು ಇದೆಯೇ ನೋಡಿ. ಮೂಲೆಯಲ್ಲಿರುವ ಕಡತ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಇಲ್ಲದೆ ಬರೆದ ಪತ್ರ ಯಾವ ಮೇಜಿಗೆ ಹೋಗಬೇಕು ಎಂದು ಟಪಾಲು ವಿಭಾಗದಲ್ಲೇ ಕಾಯುತ್ತದೆ.

ಕುಲಪತಿ ಹುದ್ದೆ ಖಾಲಿಯಾದಾಗ ನಿಕಾಯಗಳ ಡೀನ್‌ಗಳ ಪೈಕಿ ಹಿರಿಯರನ್ನು ಕುಲಾಧಿಪತಿಗಳಾದ ರಾಜ್ಯಪಾಲರು ಹಂಗಾಮಿಯಾಗಿ ನೇಮಿಸುತ್ತಾರೆ. ಕಾಯಂ ನೇಮಕಕ್ಕೆ ನಾಲ್ವರ ಶೋಧನಾ ಸಮಿತಿ ಆಗಬೇಕು: ಕುಲಾಧಿಪತಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್ (ವಿವಿಯ ಕಾರ್ಯಕಾರಿ ಮಂಡಳಿ) ಇವುಗಳಿಂದ ತಲಾ ಒಬ್ಬರು. ಸಮಿತಿ ಮೂವರ ಪಟ್ಟಿ ಕೊಟ್ಟ ಮೇಲೆ ಸರ್ಕಾರದ ಸಹಮತಿ, ಆಮೇಲೆ ನೇಮಕ. ನಾಮನಿರ್ದೇಶನ ಒಂದು ಕಡೆ ತಡವಾದರೂ ತಿಂಗಳುಗಳು ಹೋಗುತ್ತವೆ. ಹಿಂದಿನವರ ಅವಧಿ ನಾಲ್ಕು ವರ್ಷ ಎಂಬುದು ಮೊದಲ ದಿನದಿಂದಲೇ ಗೊತ್ತಿರುವ ಸಂಗತಿ. ಹೀಗಿದ್ದೂ ಅವಧಿ ಮುಗಿಯುವ ಹೊತ್ತಿಗೆ ಸಮಿತಿಯೇ ರಚನೆಯಾಗದೆ ಇರುವುದು ನಮ್ಮ ವಿವಿಗಳಿಗೆ ಆಗುತ್ತಿರುವ ದೊಡ್ಡ ಅನ್ಯಾಯ.

ಹಾಗಂತ ರಿಸಲ್ಟ್ ಅದರಿಂದಲೇ ನಿಲ್ಲುವುದಿಲ್ಲ. ಕುಲಸಚಿವರಿಬ್ಬರೂ ಸರ್ಕಾರದ ಆದೇಶದಿಂದ ಬಂದವರು, ಹಣಕಾಸು ಅಧಿಕಾರಿಯೂ ಹಾಗೆಯೇ. ಕುಲಪತಿ ಬದಲಾದರೂ ಅವರ ಕುರ್ಚಿ ಖಾಲಿಯಾಗುವುದಿಲ್ಲ, ಹಂಗಾಮಿ ಕುಲಪತಿಯ ಸಹಿಗೂ ಅಷ್ಟೇ ಬಲ ಇದೆ. ತೊಡಕಾಗುವುದು ಬೇರೆ ಕಡೆ: ಪರೀಕ್ಷಕರ ಪಟ್ಟಿಯ ಅನುಮೋದನೆ, ಮೌಲ್ಯಮಾಪಕರ ಸಂಭಾವನೆಯ ಬಾಕಿ ಬಿಡುಗಡೆ, ಹೊಸ ಮೌಲ್ಯಮಾಪನ ಕೇಂದ್ರದ ಒಪ್ಪಿಗೆ. ಹೆಚ್ಚು ಹಣದ, ಆಕ್ಷೇಪಣೆ ಬರಬಹುದಾದ ಕಡತಗಳನ್ನು ಹಂಗಾಮಿಯಲ್ಲಿರುವವರು ಕಾಯಂ ಕುಲಪತಿ ಬರಲಿ ಎಂದು ಬದಿಗಿಡುವುದುಂಟು. ಮೌಲ್ಯಮಾಪನಕ್ಕೆ ಅದರ ಏಟು ಬೀಳುತ್ತದೆ.

ದಿನಾಂಕದ ವಿಷಯಕ್ಕೆ ನೇರವಾಗಿ ರಾಜಭವನಕ್ಕೋ ಉನ್ನತ ಶಿಕ್ಷಣ ಸಚಿವರಿಗೋ ಬರೆಯುವವರಿದ್ದಾರೆ. ಆ ಪತ್ರ "ನಿಯಮಾನುಸಾರ ಕ್ರಮಕ್ಕೆ" ಎಂಬ ಷರಾದೊಂದಿಗೆ ತಿರುಗಿ ಬರುವುದು ಇದೇ ಕುಲಸಚಿವರ ಮೇಜಿಗೆ. ಮೊದಲು ಮೌಲ್ಯಮಾಪನ ಕುಲಸಚಿವರಿಗೆ ಬರೆಯಿರಿ, ಪ್ರತಿಯನ್ನು ಕುಲಪತಿಗಳ ಕಚೇರಿಗೆ ಮತ್ತು ನಿಮ್ಮ ಪ್ರಾಂಶುಪಾಲರಿಗೆ ಕೊಡಿ.

---

ವಾಣಿಜ್ಯ_ಮೇಷ್ಟ್ರು

ಅಧಿಕಾರದ ವಿಷಯ ಮೇಲಿನವರು ಹೇಳಿದ್ದಾರೆ. ಕ್ಯಾಲೆಂಡರ್ ಏಕೆ ಉಳಿಯುವುದಿಲ್ಲ ಎಂಬ ಲೆಕ್ಕವನ್ನು ನಾನು ಹೇಳುತ್ತೇನೆ.

ಯುಜಿಸಿಯ 2018ರ ನಿಯಮಾವಳಿ ಪ್ರಕಾರ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನ, ಅಂದರೆ ವಾರಕ್ಕೆ 6 ದಿನದಂತೆ 30 ವಾರ. ಕಾಲೇಜುಗಳಿಗೆ ಉಳಿದದ್ದು ಹೀಗೆ: ಪ್ರವೇಶ ಮತ್ತು ಪರೀಕ್ಷೆ ತಯಾರಿಗೆ 10 ವಾರ, ರಜೆ 10 ವಾರ, ಸಾರ್ವಜನಿಕ ರಜೆ 2 ವಾರ. ಒಟ್ಟು 52. ಇದರಲ್ಲಿ ಒಂದು ವಾರವೂ ಹೆಚ್ಚುವರಿ ಇಲ್ಲ ಎಂಬುದನ್ನು ಗಮನಿಸಿ. ಪ್ರವೇಶದ ಕೊನೆ ದಿನವನ್ನು ದಂಡ ಸಹಿತ ಅಂತ 3 ವಾರ ವಿಸ್ತರಿಸಿದರೆ ಆ 3 ವಾರ ಎಲ್ಲಿಂದಲಾದರೂ ಬರಲೇಬೇಕು. ತಡವಾಗಿ ಸೇರಿದವರಿಗೆ ಶೇ. 75 ಹಾಜರಾತಿ ಕೊಡಬೇಕಾದರೆ ತರಗತಿ ಮುಗಿಯುವ ದಿನ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಹಾಜರಾತಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಬೆಸ ಸೆಮಿಸ್ಟರ್ ಜಾರುವುದು ಇಲ್ಲಿಂದ. 2024ರಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಕೊಡುವ ಪದ್ಧತಿ ಬಂತು. ಮಕ್ಕಳಿಗೆ ಅದು ಒಳ್ಳೆಯದೇ, ಆದರೆ ಕೊನೆಯದರ ಫಲಿತಾಂಶಕ್ಕೆ ಪದವಿ ಪ್ರವೇಶವೂ ಕಾಯಬೇಕಾಗುತ್ತದೆ. ಅತ್ತ ಸಿಇಟಿ ಸೀಟು ಹಂಚಿಕೆ ನಡೆಯುತ್ತಿದ್ದರೆ ಬಿ.ಎಸ್ಸಿಗೆ ಸೇರಿದವರು ಎಂಜಿನಿಯರಿಂಗ್‌ಗೆ ಹೊರಡುತ್ತಾರೆ, ಖಾಲಿ ಸೀಟು ತುಂಬಲು ಮತ್ತೆ ದಿನಾಂಕ ವಿಸ್ತರಣೆ.

ಸಮ ಸೆಮಿಸ್ಟರ್, ಅಂದರೆ ನಿಮ್ಮದು, ಜಾರುವುದು ಮೌಲ್ಯಮಾಪನದಲ್ಲಿ. ಒಂದು ವಿಷಯಕ್ಕೆ 12,000 ಉತ್ತರ ಪತ್ರಿಕೆ ಇದೆ ಎಂದಿಟ್ಟುಕೊಳ್ಳಿ. ಒಬ್ಬರು ದಿನಕ್ಕೆ 40 ನೋಡಿದರೆ, 30 ಜನ ಬಂದಲ್ಲಿ ದಿನಕ್ಕೆ 1,200, ಹತ್ತು ದಿನದಲ್ಲಿ ಮುಗಿಯಿತು. ಬಂದವರು 18 ಜನ ಮಾತ್ರ ಎಂದಾದರೆ ದಿನಕ್ಕೆ 720, ಹದಿನೇಳನೇ ದಿನಕ್ಕೆ ಮುಗಿಯುತ್ತದೆ. ಅಷ್ಟೇ ಪತ್ರಿಕೆ, ಅಷ್ಟೇ ಕೇಂದ್ರ, ಆದರೆ ಒಂದು ವಾರ ಹೆಚ್ಚು. ಜನ ಏಕೆ ಬರುವುದಿಲ್ಲ? ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು, ಅವರ ಅವಧಿ ಸೆಮಿಸ್ಟರಿಗೆ ಕಟ್ಟಿದ್ದು. ಅವಧಿ ಮುಗಿದ ಮೇಲೆ, ಹಿಂದಿನ ಸಲದ ಸಂಭಾವನೆ ಮತ್ತು ಪ್ರಯಾಣ ಭತ್ಯೆ ಬಾಕಿ ಇರುವಾಗ, ಅವರನ್ನು ಬನ್ನಿ ಎಂದು ಕರೆಯಲು ವಿವಿಗೆ ಯಾವ ಮುಖ ಇದೆ? ಕಾಯಂ ಅಧ್ಯಾಪಕರಿಗೆ ಅದೇ ಹೊತ್ತಿಗೆ ಚುನಾವಣಾ ಕೆಲಸ ಬಂದಿರುತ್ತದೆ, ಇಲ್ಲವೇ ಮುಂದಿನ ಸೆಮಿಸ್ಟರಿನ ತರಗತಿ ಶುರುವಾಗಿರುತ್ತದೆ.

ಇನ್ನೊಂದು ಹೊರೆ ಪಠ್ಯಕ್ರಮಗಳದು. ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಲ್ಲಿ ಸೇರಿದವರಿಗೆ ಮೂರು ವರ್ಷದ ಪದವಿಯ ಹೊಸ ವ್ಯವಸ್ಥೆ ಬಂತು. ಜೊತೆಗೆ ಹಳೆ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ವಿಷಯಗಳನ್ನು ಬಾಕಿ ಉಳಿಸಿಕೊಂಡವರು. ಒಂದೇ ವಿಷಯಕ್ಕೆ ಎರಡು ಮೂರು ಪ್ರಶ್ನೆಪತ್ರಿಕೆ, ಬೇರೆ ಬೇರೆ ಆಂತರಿಕ ಅಂಕ ಹಂಚಿಕೆ, ಬೇರೆ ಬೇರೆ ಬಂಡಲ್. ಹತ್ತೇ ಮಂದಿ ಬರೆದ ಹಳೆ ಸ್ಕೀಮಿನ ಪತ್ರಿಕೆಗೂ ಪ್ರಶ್ನೆಪತ್ರಿಕೆ ಸಿದ್ಧಪಡಿಸಬೇಕು, ಕೋಡಿಂಗ್ (ನೋಂದಣಿ ಸಂಖ್ಯೆ ಮರೆಮಾಡಿ ಗುಪ್ತ ಸಂಖ್ಯೆ ಕೊಡುವುದು) ಮಾಡಬೇಕು.

ಆದ್ದರಿಂದ ಕ್ಯಾಲೆಂಡರ್ ಕೈಗೆ ಬಂದಾಗ ಪರೀಕ್ಷೆ ಶುರುವಾಗುವ ದಿನವನ್ನಷ್ಟೇ ನೋಡಬೇಡಿ. ಥಿಯರಿ ಮುಗಿಯುವ ದಿನಕ್ಕೂ ಮುಂದಿನ ಸೆಮಿಸ್ಟರ್ ಆರಂಭಕ್ಕೂ ಎಷ್ಟು ದಿನ ಬಿಟ್ಟಿದ್ದಾರೆ ಎಣಿಸಿ. ನಾಲ್ಕು ವಾರಕ್ಕಿಂತ ಕಡಿಮೆ ಇದ್ದರೆ ಆ ವೇಳಾಪಟ್ಟಿ ಬದಲಾಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅಂದಾಜು. ನಿಮ್ಮ ಮನವಿಯಲ್ಲಿ "ಪರೀಕ್ಷೆ ಮುಂದೂಡಬೇಡಿ" ಎನ್ನುವುದಕ್ಕಿಂತ "ಆರನೇ ಸೆಮಿಸ್ಟರಿನ ಪತ್ರಿಕೆಗಳನ್ನು ಮೊದಲು ಮೌಲ್ಯಮಾಪನ ಮಾಡಿ, ಉಳಿದ ಸೆಮಿಸ್ಟರಿಗೆ ಕಾಯದೆ ಫಲಿತಾಂಶ ಕೊಡಿ" ಎಂದು ಕೇಳಿ. ಅಂತಿಮ ವರ್ಷದವರದನ್ನು ಮೊದಲು ಮುಗಿಸುವ ರೂಢಿ ಇರುವುದರಿಂದ ಇದಕ್ಕೆ ಒಪ್ಪಿಗೆ ಬೇಗ ಸಿಗುತ್ತದೆ.

---

ನಿಯಮಾವಳಿ

ತಡವಾದರೆ ಬರೀ ಮನವಿಗೆ ನಿಲ್ಲಬೇಕಾಗಿಲ್ಲ. ಯುಜಿಸಿಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿ, 2023 ಇದೆ. ಶೈಕ್ಷಣಿಕ ಕ್ಯಾಲೆಂಡರಿನಲ್ಲಿ ಹೇಳಿದ ಅವಧಿ ಮೀರಿ ಪರೀಕ್ಷೆ ನಡೆಸುವುದು, ಫಲಿತಾಂಶ ತಡ ಮಾಡುವುದು ಅದರ ವ್ಯಾಖ್ಯೆಯಲ್ಲೇ ಕುಂದುಕೊರತೆ ಎಂದು ಸೇರಿದೆ. ವಿವಿಯ ಕುಂದುಕೊರತೆ ಸಮಿತಿ ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಸಮಾಧಾನ ತರದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ದೂರುಗಳ ಮೇಲ್ಮನವಿ ಕೇಳಲು ನೇಮಕವಾದ ಅಧಿಕಾರಿ) ಮೇಲ್ಮನವಿ. ಅವರು 30 ದಿನದಲ್ಲಿ ಇತ್ಯರ್ಥ ಮಾಡಬೇಕು. ಕಡಿಮೆ ಅಂಕ ಬಂತು, ಮರುಮೌಲ್ಯಮಾಪನ ಮಾಡಿಸಿ ಎಂದು ಅವರ ಬಳಿ ಹೋದರೆ, ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸದ ಹೊರತು ಅರ್ಜಿ ನಿಲ್ಲುವುದಿಲ್ಲ.

ಇಲ್ಲಿ ಹೆಚ್ಚಿನವರು ಸೋಲುವುದು ದಾಖಲೆಯಲ್ಲಿ. ಪರಿಷ್ಕೃತ ಕ್ಯಾಲೆಂಡರ್ ಬಂದ ಕೂಡಲೇ ಹಳೆಯದನ್ನು ಜಾಲತಾಣದಿಂದ ತೆಗೆದುಬಿಟ್ಟರೆ ನೀವು "ತಡ" ಎನ್ನಲು ಹೋಲಿಕೆಗೆ ಏನೂ ಉಳಿಯುವುದಿಲ್ಲ. ಮೊದಲ ಸುತ್ತೋಲೆಯ ಪಿಡಿಎಫ್ ಈಗಲೇ ಇಳಿಸಿಕೊಳ್ಳಿ, ಸಿಗದಿದ್ದರೆ ಕಾಲೇಜಿನ ಸೂಚನಾ ಫಲಕದ ಪ್ರತಿಗೆ ಪ್ರಾಂಶುಪಾಲರ ಮೊಹರು ಹಾಕಿಸಿ. ದೂರಿಗೆ ಎರಡೂ ಸುತ್ತೋಲೆ ಮತ್ತು ನೀವು ಸೇರಬೇಕಾದ ಕೋರ್ಸಿನ ಕೊನೆ ದಿನದ ಪ್ರಕಟಣೆಯನ್ನು ಲಗತ್ತಿಸಿ.

ಮಾಹಿತಿ ಹಕ್ಕು ಅರ್ಜಿ ಹಾಕುವುದಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. "ಏಕೆ ತಡವಾಯಿತು?" ಎಂದು ಕೇಳಬೇಡಿ, ಕಾರಣ ಬರೆದ ದಾಖಲೆ ಕೇಳಿ: ಕ್ಯಾಲೆಂಡರ್ ಪರಿಷ್ಕರಣೆಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಕುಲಪತಿಗಳ ಅನುಮೋದನೆಯ ದಿನಾಂಕ ಸಹಿತ. ಮೌಲ್ಯಮಾಪಕರ ಹಾಜರಿ ಬೇಕಿದ್ದರೆ ಬೇರೆ ಅರ್ಜಿ. ಉತ್ತರಕ್ಕೆ 30 ದಿನ, ಬರದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ಈ ಸಲದ ಸೀಟಿಗೆ ಇದು ಒದಗುವುದಿಲ್ಲ, ಮುಂದಿನ ಬ್ಯಾಚಿಗೆ ಒದಗುತ್ತದೆ.

ಸೀಟಿನ ವಿಷಯಕ್ಕೆ: ಪ್ರವೇಶ ಪ್ರಕಟಣೆಯಲ್ಲಿ "ಫಲಿತಾಂಶ ನಿರೀಕ್ಷೆಯಲ್ಲಿರುವವರೂ ಅರ್ಜಿ ಹಾಕಬಹುದು" ಎಂದಿದೆಯೇ, ಅಂಕಪಟ್ಟಿ ಯಾವ ದಿನಾಂಕಕ್ಕೆ ಬೇಕು ಎಂಬ ಎರಡು ಸಾಲು ಓದಿ. ಅರ್ಜಿಗೆ ಅವಕಾಶ ಇರುವುದು, ಪ್ರವೇಶಕ್ಕೆ ಅವಕಾಶ ಇರುವುದು ಬೇರೆ ಬೇರೆ. ಕಡಗಂಚಿಯ ಕೇಂದ್ರೀಯ ವಿವಿಯಂತೆ ಸಿಯುಇಟಿ (ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಸೇರಿಸಿಕೊಳ್ಳುವ ಕಡೆ ಕ್ಯಾಲೆಂಡರ್ ನಮ್ಮದಲ್ಲ, ಅದು ರಾಜ್ಯದ ಪರೀಕ್ಷೆಗಳಿಗೆ ಕಾಯುವುದಿಲ್ಲ. ಅಲ್ಲಿ ಮೊದಲ ಐದು ಸೆಮಿಸ್ಟರಿನ ಅಂಕಪಟ್ಟಿ, ಆರನೆಯದರ ಹಾಲ್ ಟಿಕೆಟ್, ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ ಎಂಬ ಪ್ರಾಂಶುಪಾಲರ ಪತ್ರ, ಮುಚ್ಚಳಿಕೆ ಇಷ್ಟನ್ನು ಸಿದ್ಧವಾಗಿಡಿ. ಒಪ್ಪುವುದು ಬಿಡುವುದು ಆ ಸಂಸ್ಥೆಗೆ ಸೇರಿದ್ದು, ಆದ್ದರಿಂದ ಅವರ ಪ್ರವೇಶ ವಿಭಾಗದಿಂದ ಇಮೇಲಿನಲ್ಲಿ ಉತ್ತರ ಪಡೆಯಿರಿ, ಫೋನಿನ ಮಾತು ಸಾಲದು.

---

ತುಂಗಾತೀರ

ಮೂವರಿಗೂ ಧನ್ಯವಾದ. ಮೊದಲ ಸುತ್ತೋಲೆಯ ಪಿಡಿಎಫ್ ಸಿಕ್ಕಿತು, ಇಟ್ಟುಕೊಂಡಿದ್ದೇನೆ. ಇನ್ನೊಂದು ಸಂಶಯ: ಹಿಂದಿನ ಸಲ ಫಲಿತಾಂಶ ಬಂದ ಮೇಲೂ ಕೆಲವರದು "ತಡೆಹಿಡಿಯಲಾಗಿದೆ" ಎಂದು ತೋರಿಸಿತ್ತು. ಅದನ್ನು ಮೊದಲೇ ತಪ್ಪಿಸಬಹುದೇ?

---

ಕಡತ_ವಿಭಾಗ

ಬಹುಪಾಲು ತಪ್ಪಿಸಬಹುದು, ಮತ್ತು ಅದರ ಕೀಲಿ ಕಾಲೇಜಿನಲ್ಲೇ ಇದೆ. ಸಾಮಾನ್ಯ ಕಾರಣಗಳು: ಆಂತರಿಕ ಅಂಕ ಅಥವಾ ಪ್ರಾಯೋಗಿಕ ಅಂಕ ಯುಯುಸಿಎಂಎಸ್ ಪೋರ್ಟಲಿನಲ್ಲಿ (ರಾಜ್ಯದ ವಿವಿ, ಕಾಲೇಜುಗಳ ಪ್ರವೇಶ, ಪರೀಕ್ಷೆ, ಅಂಕ ದಾಖಲಿಸುವ ಏಕೀಕೃತ ಜಾಲತಾಣ) ದಾಖಲಾಗಿಲ್ಲ, ಹಾಜರಾದವರನ್ನು ಗೈರು ಎಂದು ನಮೂದಿಸಲಾಗಿದೆ, ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪಿದೆ, ಆಯ್ದುಕೊಂಡ ಐಚ್ಛಿಕ ವಿಷಯ ಒಂದು, ಬರೆದ ಪತ್ರಿಕೆಯ ಕೋಡ್ ಇನ್ನೊಂದು.

ಹಾಲ್ ಟಿಕೆಟ್ ಬಂದ ದಿನವೇ ಪ್ರತಿ ವಿಷಯದ ಕೋಡನ್ನು ನಿಮ್ಮ ಪರೀಕ್ಷಾ ಅರ್ಜಿಯ ಜೊತೆ ಹೋಲಿಸಿ. ತಪ್ಪಿದ್ದರೆ ಪರೀಕ್ಷೆಗೆ ಮುಂಚೆ ಒಂದು ಪತ್ರದಲ್ಲಿ ಸರಿಹೋಗುತ್ತದೆ, ಆಮೇಲೆ ಮೂರು ವಿಭಾಗ ಸುತ್ತಬೇಕು. ಆಂತರಿಕ ಅಂಕಗಳ ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ವಿದ್ಯಾರ್ಥಿಗಳ ಸಹಿ ಪಡೆಯಿರಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಒಮ್ಮೆ ಪೋರ್ಟಲ್ ಮುಚ್ಚಿದರೆ ತಿದ್ದುಪಡಿಗೆ ಪ್ರಾಂಶುಪಾಲರ ಪತ್ರ, ಮೂಲ ಅಂಕಗಳ ಪಟ್ಟಿ, ಕೆಲವು ಕಡೆ ದಂಡವೂ ಬೇಕಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಸಹಿ ಮಾಡುವ ಹಾಜರಿ ಹಾಳೆಯಲ್ಲಿ ಉತ್ತರ ಪತ್ರಿಕೆಯ ಸಂಖ್ಯೆ ಸರಿಯಾಗಿ ಬರೆದಿದ್ದಾರೆಯೇ ನೋಡಿಯೇ ಸಹಿ ಮಾಡಿ, ಗೈರು ಎಂದು ತಪ್ಪಾಗಿ ಬಂದರೆ ನಿಮ್ಮ ಪರ ನಿಲ್ಲುವ ದಾಖಲೆ ಅದೊಂದೇ.

ಪದವಿ ಪ್ರಮಾಣಪತ್ರಕ್ಕೆ ಘಟಿಕೋತ್ಸವದವರೆಗೆ ಕಾಯಬೇಕಿಲ್ಲ. ಆರೂ ಸೆಮಿಸ್ಟರ್ ತೇರ್ಗಡೆಯಾದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ವಲಸೆ ಪ್ರಮಾಣಪತ್ರವನ್ನೂ ಅದರ ಜೊತೆಗೇ ಕೇಳಿ. ಬೇರೆ ವಿವಿಗೆ ಹೋಗುವವರು ಇದನ್ನು ಮರೆತು ಎರಡನೇ ಸಲ ಬರುವುದೇ ಹೆಚ್ಚು.